ಪ್ರಶ್ನೆ ಹದಿನಾಲ್ಕು

ತರಬೇತಿಯ ದಿನ ಮೇಡಂ ಹೇಳಿದ್ದರು:
ಸೊನ್ನೆಯಲ್ಲೂ ಎರಡು ಬಗೆ.
ಇಲ್ಲದವರ ಸೊನ್ನೆ, ಒಲ್ಲದವರ ಸೊನ್ನೆ.
ಮೊದಲನೆಯದಕ್ಕೆ ಬರೀ ಸುತ್ತು ಸಾಕು,
ಎರಡನೆಯದರ ಪಕ್ಕ ಒಂದು ಚುಕ್ಕಿ.
ಕೈಪಿಡಿಯ ಅಂಚಿನಲ್ಲಿ ಬರೆದುಕೊಂಡೆ
ಕನ್ನಡದಲ್ಲಿ, ನನಗಷ್ಟೇ ತಿಳಿಯುವ ಹಾಗೆ.

ಮನಾಮದ ಗುದೈಬಿಯಾ. ಆಗಸ್ಟ್.
ಸಂಜೆ ಆರಕ್ಕೂ ಮೆಟ್ಟಿಲ ಕಂಬಿ ಚುರ್ರೆನ್ನುತ್ತದೆ.
ಕಿಟಕಿ ಕಿಟಕಿಗೂ ಏಸಿ ತೊಟ್ಟಿಕ್ಕುತ್ತ
ಗಲ್ಲಿಯ ಬೆಕ್ಕುಗಳಿಗೆ ಅದೇ ಕುಡಿಯುವ ನೀರು.
ತುಂಬಿದ ಫಾರ್ಮಿಗೆ ನನಗೆ ಏಳುನೂರೈವತ್ತು ಫಿಲ್ಸ್.
ತಿರಸ್ಕೃತವಾದರೆ ಚಪ್ಪಲಿ ಸವೆದದ್ದಷ್ಟೇ.

ಗಾಳಿಗೆ ಸೇರುವ ಇಂಗಾಲ ತಗ್ಗಿಸಲು
ನಿಮ್ಮ ಮನೆ ತಿಂಗಳಿಗೆ ಎಷ್ಟು ಕೊಡಲು ಸಿದ್ಧ?
ಸೊನ್ನೆ, ಅರ್ಧ, ಒಂದು, ಎರಡು, ಐದು ದಿನಾರ್.
ಕಾರ್ಡುಗಳನ್ನು ಇಸ್ಪೀಟಿನಂತೆ ಹರವಿ ತೋರಿಸಬೇಕು.
ನಾವು ಮುಖ ಗಂಟಿಕ್ಕಬಾರದು, ನಗಲೂಬಾರದು.

ಒಂದನೇ ಮಹಡಿ, ಭಟ್ಕಳದ ಶಾಬಂದ್ರಿ ಸಾಹೇಬರು:
"ಇಪ್ಪತ್ತೊಂಬತ್ತು ವರ್ಷ ಅಲ್ಯೂಮಿನಿಯಂ ಕುಲುಮೆಯ ಮುಂದೆ ನಿಂತವನಮ್ಮ.
ಆ ಹೊಗೆಯಲ್ಲೇ ಮೂರು ಹೆಣ್ಣುಮಕ್ಕಳ ಮದುವೆಯಾಯಿತು.
ಈಗ ಅದನ್ನು ಬೈಯಲೇ?"
ಐದು ಎಂದರು. ತುಸು ತಡೆದು, ಎರಡು.
ಒಳಗಿನಿಂದ ಹೆಂಡತಿ ಕೆಮ್ಮಿದ ಮೇಲೆ, ಅರ್ಧ.

ಕಟ್ಟಡದ ಒಡತಿ ಉಮ್ಮ್ ಜಾಸಿಂ
ನನ್ನ ಅರೆಬರೆ ಅರಬಿಗೆ ಎಟುಕುವಷ್ಟು ನಿಧಾನ ಹೇಳಿದಳು:
ಉಪ್ಪು ಕಡಲಿನ ತಳದಲ್ಲಿ ಸಿಹಿನೀರಿನ ಒರತೆಯಿತ್ತಂತೆ.
ಮುತ್ತಿಗಾಗಿ ಮುಳುಗುವ ಅವಳಪ್ಪ
ತೊಗಲಚೀಲದಲ್ಲಿ ಆ ನೀರು ತುಂಬಿ ಮೇಲೇಳುತ್ತಿದ್ದನಂತೆ.
"ಅದರ ಮೇಲೆ ಮಣ್ಣು ಸುರಿದು ಮಾಲ್ ಕಟ್ಟಿದರು.
ಆಗ ಯಾರೂ ಕಾರ್ಡು ಹಿಡಿದು ಬಾಗಿಲಿಗೆ ಬರಲಿಲ್ಲ.
ಬರಿ, ಸೊನ್ನೆ."
ಎಂದು ಖರ್ಜೂರದ ತಟ್ಟೆ ನನ್ನತ್ತ ತಳ್ಳಿದಳು.
ಚುಕ್ಕಿ ಇಟ್ಟೆ. ಎಷ್ಟು ಒತ್ತಿ ಇಟ್ಟೆನೆಂದರೆ
ಕೆಳಗಿನ ಹಾಳೆಗೂ ತೂತು ಬಿತ್ತು.

ತಾರಸಿಯ ಕೋಣೆ. ಆರು ಮಂಚ, ಒಂದು ಏಸಿ,
ಅದಕ್ಕೂ ಗೂರಲು.
ಮನೆಯ ಯಜಮಾನರು ಯಾರು?
ಎಲ್ಲರೂ ನಕ್ಕರು. ಸೌಟು ಹಿಡಿದ ಯಲ್ಲಯ್ಯ
"ಇವತ್ತು ನಾನೇ. ದಾಲ್ ಪಾಳಿ ನಂದು" ಎಂದ.
ಇಂಗಾಲ ಅಂದರೇನಕ್ಕಾ?
ಮೇಲೆ ಹೋದ ಹೊಗೆ ಕಂಬಳಿಯಂತೆ ಮುಚ್ಚಿ ನೆಲ ಬೇಯುತ್ತದೆ, ಎಂದೆ.
"ಹೊದಿಸಿದ್ದು ಯಾರು?" ಕೇಳಿದ ಟೇಕ್ ಬಹಾದೂರ್,
ಮೂವತ್ತನೇ ಅಂತಸ್ತಿನ ಹೊರಗೆ ತೂಗಿ ಗಾಜು ಒರೆಸುವವನು.
ಕೈಪಿಡಿಯಲ್ಲಿ ಆ ಪುಟ ಇರಲಿಲ್ಲ.

ತಮ್ಮತಮ್ಮಲ್ಲೇ ಮೂರು ಭಾಷೆಯಲ್ಲಿ ಜಗಳಾಡಿ
ಕಡೆಗೆ ಒಪ್ಪಿದರು: ಒಂದು ದಿನಾರ್.
ತಲೆಗೆ ನೂರ ಅರುವತ್ತೇಳು ಫಿಲ್ಸ್.
ಎರಡು ಫಿಲ್ಸ್ ಹೆಚ್ಚಾಯಿತಲ್ಲ ಎಂದ ಒಬ್ಬ.
ಅದು ಉಪ್ಪಿನ ಲೆಕ್ಕಕ್ಕಿರಲಿ ಎಂದ ಇನ್ನೊಬ್ಬ.
ಆರನೆಯವನು ರಾತ್ರಿಪಾಳಿಯವನು, ಮುಸುಕೆಳೆದು ಮಲಗಿದ್ದ.
ಅವನ ಪಾಲಿಗೆ ಇವರೇ ಹೂಂ ಅಂದರು.

ಮೆಟ್ಟಿಲ ಮೇಲೆ ಕೂತು ಕೈಪಿಡಿ ತಿರುವಿದೆ.
ನಿಯಮ ಒಂಬತ್ತು: ರಕ್ತಸಂಬಂಧವಿಲ್ಲದವರು
ಐದಕ್ಕಿಂತ ಹೆಚ್ಚಿದ್ದರೆ ಅದು ಮನೆಯಲ್ಲ.
ಎಣಿಸತಕ್ಕದ್ದಲ್ಲ.

ಬೇಳೆಯ ಒಗ್ಗರಣೆಯ ಘಾಟು ಕೆಳಗಿಳಿಯುತ್ತಿತ್ತು.
ಮನೆಯಲ್ಲದ ಕಡೆಯಿಂದ ಆ ಘಾಟು ಬರುತ್ತದೆಯೇ?
ಅವರ ದಿನಾರಿಗೆ ಮರುಗಿದೆನೋ
ನನ್ನ ಏಳುನೂರೈವತ್ತಕ್ಕೋ,
ಆಣೆ ಮಾಡಿ ಹೇಳಲಾರೆ.
ಆರನ್ನು ಗೀಚಿ, ಐದು ಎಂದು ಬರೆದೆ.

ಯಾರನ್ನು ಬಿಟ್ಟೆ ಎಂದು ಫಾರ್ಮು ಕೇಳುವುದಿಲ್ಲ.
ಲೆಕ್ಕವೂ ಈಗ ಚೊಕ್ಕ:
ತಲೆಗೆ ಸರಿಯಾಗಿ ಇನ್ನೂರು, ಉಪ್ಪಿಗೂ ಉಳಿಯುವುದಿಲ್ಲ.
ಮೇಲೆ ಯಾರೋ ಮಗ್ಗುಲು ಬದಲಿಸಿದ ಸದ್ದು.
ಏಸಿಯೇ ಇರಬೇಕು.